ಹಿಂದಿನ ಸೀಟಿನ ತಾಂಡೇಲ

ಮಂಕಿಯ ಸಮುದ್ರ ದಂಡೆಯಲ್ಲಿ ಬೈಕ್ ಓಡಿಸಲು ಬಾರದ ಗಂಡಸರನ್ನು ಎಣಿಸಲು ಒಂದು ಕೈಯ ಬೆರಳು ಬೇಕಾದಷ್ಟಾಯಿತು. ಅಂಬೆಗಾಲಿಡುವ ಮಕ್ಕಳನ್ನೂ ಹಾಸಿಗೆ ಹಿಡಿದ ಹಮ್ಮಜ್ಜನನ್ನೂ ಬಿಟ್ಟರೆ ಉಳಿಯುವವನು ಬೊಮ್ಮಯ್ಯ ಹರಿಕಂತ್ರ ಒಬ್ಬನೇ. ಹಮ್ಮಜ್ಜನೂ ತನ್ನ ಕಾಲದಲ್ಲಿ ಮೊಪೆಡ್ ಓಡಿಸಿ ಎರಡು ಬೇಲಿ ಮುರಿದವನೇ.

ಆದರೆ ತನಗೆ ಬೈಕ್ ಬರುವುದಿಲ್ಲ ಎಂಬ ಸಂಗತಿ ಬೊಮ್ಮಯ್ಯನಿಗೇ ಗೊತ್ತಿರಲಿಲ್ಲ. ಎಂಟು ವರ್ಷಗಳಿಂದ ಅವನು ನಸುಕಿನಲ್ಲಿ ಬೈಕಿನ ಮೇಲೆಯೇ ಹೊನ್ನಾವರದ ಹತ್ತಿರದ ಕಾಸರಕೋಡಿನ ಬಂದರಿಗೆ ಹೋಗುತ್ತಿದ್ದ. ಮಂಕಿಯ ದಂಡೆಗೆ ದೋಣಿ ಎಳೆಯುವ ಕಾಲ ಮುಗಿದು, ಐಸೂ ಗಿರಾಕಿಯೂ ಬಂದರಿನಲ್ಲೇ ಸಿಗುವಂತಾದ ಮೇಲೆ ಅವನ ದೋಣಿ ಅಲ್ಲೇ ನಿಲ್ಲುತ್ತಿತ್ತು. ಬೈಕ್ ಅವನದೇ. ಪೆಟ್ರೋಲೂ ಅವನದೇ. ಆರ್‌ಸಿಯಲ್ಲಿ ಹೆಸರೂ ಅವನದೇ. ಹ್ಯಾಂಡಲ್ ಹಿಡಿದು ಮುಂದೆ ಕೂರುತ್ತಿದ್ದವನು ಮಾತ್ರ ವೆಂಕಟ, ಅವನ ದೋಣಿಯ ಕೆಲಸದಾಳು. ಇದರಲ್ಲಿ ಬೊಮ್ಮಯ್ಯನಿಗೆ ಯಾವ ಕುಂದೂ ಕಂಡಿರಲಿಲ್ಲ. ದೋಣಿಯಲ್ಲೂ ಹಾಗೆಯೇ ತಾನೆ? ದೋಣಿ ನಡೆಸುವ ತಾಂಡೇಲ ಹಿಂದೆ ಕೂತು ಇಂಜಿನ್ನಿನ ಹಿಡಿಕೆ ಹಿಡಿಯುತ್ತಾನೆ. ಮುಂದೆ ಕೂತವನು ಬಲೆ ಬಿಡುತ್ತಾನೆ, ಎಳೆಯುತ್ತಾನೆ, ಬೈಸಿಕೊಳ್ಳುತ್ತಾನೆ. ಹಿಂದೆ ಕೂತವನು ಯಜಮಾನ ಎಂಬುದು ಬೊಮ್ಮಯ್ಯನಿಗೆ ಸೂರ್ಯ ಪೂರ್ವಕ್ಕೆ ಹುಟ್ಟುತ್ತಾನೆ ಎಂಬಷ್ಟೇ ನಿಶ್ಚಿತವಾಗಿತ್ತು.

ಹಾಗಾಗಿ ಅವನು ಬೈಕನ್ನೂ ಹಿಂದಿನಿಂದಲೇ ನಡೆಸುತ್ತಿದ್ದ. ವೆಂಕಟನ ಎಡ ಭುಜಕ್ಕೆ ಗೆಣ್ಣಿನಿಂದ ಕುಟ್ಟಿದರೆ ಎಡಕ್ಕೆ, ಬಲ ಭುಜಕ್ಕೆ ಕುಟ್ಟಿದರೆ ಬಲಕ್ಕೆ, ಬೆನ್ನಿನ ನಡುವೆ ಗುದ್ದಿದರೆ ನಿಲ್ಲು ಎಂದು ಅರ್ಥ. ವೆಂಕಟ ಜಾಣ. ತಿರುವು ಬಂದಲ್ಲಿ ಹೇಗೂ ತಿರುಗಲೇಬೇಕು, ಕುಟ್ಟುವವರು ಕುಟ್ಟಿಕೊಳ್ಳಲಿ ಎಂದು ಸುಮ್ಮನಿದ್ದ. ಬಂದರಿನಲ್ಲಿ ಇಳಿದ ಮೇಲೆ ಬೊಮ್ಮಯ್ಯ ಸೊಂಟ ನೆಟ್ಟಗೆ ಮಾಡಿಕೊಂಡು, "ಇವತ್ತು ಹೊಂಡ ಎಲ್ಲ ತಪ್ಸಿ ತಂದೆ" ಎಂದು ನಾಲ್ಕು ಜನರಿಗೆ ಕೇಳುವಂತೆ ಹೇಳುತ್ತಿದ್ದ.

ಮೇ ತಿಂಗಳ ಕೊನೆಯ ದಿನ, ಮಳೆಗಾಲದ ಎರಡು ತಿಂಗಳ ಮೀನುಗಾರಿಕೆ ನಿಷೇಧಕ್ಕೆ ದೋಣಿ ಮೇಲೆತ್ತಿ, ಇಂಜಿನ್ ಬಿಚ್ಚಿ ಶೆಡ್ಡಿಗೆ ಸೇರಿಸಿದ ಮೇಲೆ, ವೆಂಕಟ ಚಹಾ ಅಂಗಡಿಯಲ್ಲಿ ಗಂಟಲು ಸರಿಮಾಡಿಕೊಂಡ.

"ತಾಂಡೇಲ್ರೆ, ಬೇಜಾರ ಮಾಡ್ಕಳ್ಬೇಡಿ. ಬರೂ ಸೀಸನ್ನಿಗೆ ನಾ ಭಟ್ಕಳದಲ್ಲಿ ದೊಡ್ಡ ಬೋಟಿಗೆ ಹೋಗ್ತೆ."

"ಭಟ್ಕಳಕ್ಕಾ? ಎಂತಕೆ? ಇಲ್ಲಿ ಎಂತ ಕಡ್ಮೆ ಆತು ನಿಂಗೆ?"

"ಕಡ್ಮೆ ಎಂತದೂ ಇಲ್ಲ. ಹೆಂಡ್ತಿ ಊರು ಮುಟ್ಟಳ್ಳಿ ಅಲ್ದಾ, ಅಲ್ಲೇ ಮನೆ ಮಾಡ್ವ ಹೇಳ್ತಾಳೆ. ಮತ್ತೆ..." ವೆಂಕಟ ಎಡ ಭುಜ ತಿಕ್ಕಿಕೊಂಡ. "ಈ ಕಡೆ ಸ್ವಲ್ಪ ನೋಯ್ತದೆ."

ಬಂಗುಡೆಯ ದರ ಇಳಿದ ಸುದ್ದಿಗಿಂತ ಬೇಗ ಈ ಸುದ್ದಿ ಕಾಸರಕೋಡಿಗೆ ಮುಟ್ಟಿತು. ಮರುದಿನವೇ ಬೊಮ್ಮಯ್ಯನ ಹೆಂಡತಿ ದುರ್ಗಿಯ ತಮ್ಮ ರಾಮ ಒಂದು ಚಿಪ್ಪು ಬಾಳೆಹಣ್ಣು ಹಿಡಿದುಕೊಂಡು ಬಂದ. ಎಂಟು ವರ್ಷ ಬೊಮ್ಮಯ್ಯನ ದೋಣಿಯಲ್ಲಿ ಬಲೆ ಎಳೆದವನು ರಾಮ. ಅಷ್ಟು ವರ್ಷಗಳಲ್ಲಿ ಭಾವನ ಮನೆಗೆ ಅವನು ತಂದ ಮೊದಲ ಹಣ್ಣು ಅದು.

"ಭಾವ, ಇನ್ನು ನಿಮ್ಗೆ ತ್ರಾಸು ಎಂತಕೆ?" ಎಂದ. "ಬಂದರು ನಮ್ಮನೆ ಬಾಗ್ಲಲ್ಲೇ ಅದೆ. ಬೆಳಿಗ್ಗೆ ಐದಕ್ಕೆ ದೋಣಿ ಬಿಡೂದು, ಹಿಡಿಕೆ ಹಿಡಿಯೂದು ಎಲ್ಲ ನಾ ನೋಡ್ಕಳ್ತೆ. ನೀವು ಆರಾಮ ಮಧ್ಯಾಹ್ನದ ಬಸ್ಸಿಗೆ ಬಂದು ತಕ್ಕಡಿ ಹತ್ರ ಕುರ್ಚಿ ಹಾಕಂಡು ಕೂತ್ರೆ ಆತು."

ಬೊಮ್ಮಯ್ಯ ಬಾಳೆಹಣ್ಣನ್ನು ಮುಟ್ಟಲಿಲ್ಲ. ತಕ್ಕಡಿಯ ಹತ್ತಿರ ಕುರ್ಚಿ ಹಾಕಿ ಕೂತ ತಾಂಡೇಲರನ್ನು ಅವನು ನೋಡಿದ್ದ. ಮೊದಲ ವರ್ಷ ಅವರಿಗೆ ಚಹಾ ಬರುತ್ತದೆ. ಎರಡನೇ ವರ್ಷ ಅವರೇ ಚಹಾ ತರಲು ಹೋಗುತ್ತಾರೆ.

ಆದರೆ ರಾಮನ ಲೆಕ್ಕ ತಪ್ಪೆಂದು ಹೇಳುವಂತಿರಲಿಲ್ಲ. ಐದಕ್ಕೆ ಮುಂಚೆ ಆ ಕಡೆಗೆ ಬಸ್ಸಿಲ್ಲ. ದಂಡೆಯಲ್ಲಿರುವ ಒಂದೇ ರಿಕ್ಷಾ ಆ ಹೊತ್ತಿಗೆ ದುರ್ಗಿಯನ್ನೂ ಉಳಿದ ಮೀನು ಮಾರುವ ಹೆಂಗಸರನ್ನೂ ತುಂಬಿಕೊಂಡು ಭಟ್ಕಳದ ದಾರಿ ಹಿಡಿದಿರುತ್ತದೆ. ಬೇರೆಯವರ ಬೈಕಿನ ಹಿಂದೆ ಕೂರಬಹುದಿತ್ತು. ಆದರೆ ಅವರ ಭುಜ ಕುಟ್ಟಲು ಬರುವುದಿಲ್ಲ.

"ಕೇಳ್ಕ ರಾಮ," ಎಂದ ಬೊಮ್ಮಯ್ಯ. "ಆಗಸ್ಟ್ ಒಂದಕ್ಕೆ ಐದು ಗಂಟೆಗೆ ನಾ ಬಂದರಲ್ಲಿ ಇಲ್ಲ ಅಂದ್ರೆ ಹಿಡಿಕೆ ನಿಂದು. ವರ್ಷಪೂರ್ತಿ ನಿಂದೇ."

"ಆತು ಭಾವ. ಅಕ್ಕಾ, ನೀನೂ ಕೇಳ್ದೆ ಅಲ್ದಾ?" ಎಂದು ಸಾಕ್ಷಿಯನ್ನೂ ಮಾಡಿಕೊಂಡು ರಾಮ ಹೊರಟ. ಹೋಗುವಾಗ ಒಂದು ಬಾಳೆಹಣ್ಣು ಸುಲಿದು ತಾನೇ ತಿಂದ.

"ಈಗೆಂತ ಮಾಡ್ತ್ರಿ?" ದುರ್ಗಿ ಕೇಳಿದಳು.

"ಎಂತ ಮಾಡೂದು? ಬೈಕ್ ನಮ್ದೇ ಅದೆ. ಎಂಟು ವರ್ಷ ನಡ್ಸಿದ್ದೆ. ಈಗ ಒಂದು ಸೀಟು ಮುಂದೆ ಕೂತ್ರೆ ಆತು."

ಆ ಒಂದು ಸೀಟಿನ ದೂರ ಎಷ್ಟೆಂದು ಅವನಿಗೆ ಜೂನ್ ಮೊದಲ ವಾರದಲ್ಲಿ ತಿಳಿಯಿತು.

ನೀರು ಇಳಿದಾಗ ಮಂಕಿಯ ದಂಡೆಯ ಮರಳು ಡಾಂಬರಿನಷ್ಟೇ ಗಟ್ಟಿ. ಬೊಮ್ಮಯ್ಯ ಬೈಕನ್ನು ಅಲ್ಲಿಗೆ ತಳ್ಳಿಕೊಂಡು ಹೋದ. ಪಕ್ಕದ ಶೆಡ್ಡಿನಲ್ಲಿ ಹತ್ತು ಹನ್ನೆರಡು ಗಂಡಸರು ಬಲೆ ರಿಪೇರಿ ಮಾಡುತ್ತ ಕೂತಿದ್ದರು. ನಿಷೇಧದ ಕಾಲದಲ್ಲಿ ಅವರಿಗೆ ನೋಡಲು ಬೇರೇನೂ ಇರಲಿಲ್ಲ. ಬೈಕ್ ಶುರುವಾದದ್ದೇ ಎಲ್ಲರ ಸೂಜಿಯೂ ನಿಂತಿತು.

ಹೊರಟದ್ದು ಚೆನ್ನಾಗಿಯೇ ಹೊರಟ. ಕಷ್ಟ ಬಂದದ್ದು ತಿರುಗಿಸುವಾಗ. ದೋಣಿಯ ಇಂಜಿನ್ನಿನ ಗುಣ ಹೇಗೆಂದರೆ, ಹಿಡಿಕೆಯನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ಹೋಗುತ್ತದೆ, ಬಲಕ್ಕೆ ತಳ್ಳಿದರೆ ಎಡಕ್ಕೆ. ಮೂವತ್ತು ವರ್ಷದಿಂದ ಬೊಮ್ಮಯ್ಯನ ಮಣಿಕಟ್ಟು ಕಲಿತದ್ದು ಇದೊಂದೇ ಪಾಠ. ಸಮುದ್ರ ಎಡಕ್ಕಿತ್ತು, ತೆಂಗಿನ ತೋಟ ಬಲಕ್ಕಿತ್ತು. ತೋಟದ ಕಡೆ ತಿರುಗಬೇಕೆಂದು ಅವನು ಹ್ಯಾಂಡಲನ್ನು ಶಿಸ್ತಾಗಿ ಎಡಕ್ಕೆ ತಳ್ಳಿದ. ಬೈಕ್ ಅಷ್ಟೇ ಶಿಸ್ತಾಗಿ ಎಡಕ್ಕೆ ಹೋಯಿತು. ಅವನು ಇನ್ನಷ್ಟು ತಳ್ಳಿದ. ಮೊದಲ ತೆರೆ ಚಕ್ರಕ್ಕೆ ಬಡಿಯಿತು, ಎರಡನೆಯದು ಮೊಣಕಾಲಿಗೆ.

"ತಾಂಡೇಲ್ರೆ!" ಶೆಡ್ಡಿನಿಂದ ಕೂಗು ಬಂತು. "ನಿಷೇಧ ಅದೆ! ಈಗ ಸಮುದ್ರಕ್ಕೆ ಇಳಿದ್ರೆ ಕೇಸು ಹಾಕ್ತ್ರು!"

ಮರುದಿನ ಸಮುದ್ರಕ್ಕೆ ಬೆನ್ನು ಹಾಕಿ ಹೊರಟ. ತಿರುಗಿಸುವ ಗೋಜೇ ಬೇಡವೆಂದು ನೇರವಾಗಿ ಶೆಡ್ಡಿನ ಕಡೆಗೇ ಬಂದ. ಈಗ ನಿಲ್ಲಿಸುವ ಪ್ರಶ್ನೆ. ದೋಣಿಗೆ ಬ್ರೇಕ್ ಎಂಬುದಿಲ್ಲ. ದಡ ಇನ್ನೂ ದೂರವಿರುವಾಗಲೇ ಇಂಜಿನ್ ಬಂದ್ ಮಾಡಿ, ದೋಣಿ ತಾನಾಗಿ ತೇಲಿ ಬಂದು ಮುಟ್ಟುವವರೆಗೆ ಬೀಡಿ ಹಚ್ಚಿಕೊಂಡು ಕೂರಬೇಕು. ಬೊಮ್ಮಯ್ಯ ಇಪ್ಪತ್ತು ಮಾರು ದೂರದಲ್ಲೇ ಕೀಲಿ ತಿರುಗಿಸಿ, ಬೆನ್ನು ನೆಟ್ಟಗೆ ಮಾಡಿ, ಗಂಭೀರವಾಗಿ ಕಾದ. ಬೈಕ್ ಬರುತ್ತಲೇ ಇತ್ತು.

"ಬ್ರೇಕ್! ಬ್ರೇಕ್ ಹಾಕಿ!"

"ಎಲ್ಲಿ ಅದೆ ಅದು?"

"ಕಾಲಡಿಗೆ ಮಾರಾಯ್ರೆ!"

ಬೊಮ್ಮಯ್ಯ ಕಾಲೆತ್ತಿ ಅಡಿಗೆ ನೋಡಿದ. ನೋಡಿ ಮುಗಿಯುವಷ್ಟರಲ್ಲಿ ಮೂರು ದಿನ ಕೂತು ರಿಪೇರಿ ಮಾಡಿದ ಬಲೆಯೊಳಗೆ ಅವನೂ ಬೈಕೂ ಒಟ್ಟಿಗೆ ಇದ್ದರು. ಬಿಡಿಸಲು ಅರ್ಧ ಗಂಟೆ ಹಿಡಿಯಿತು. ಬಿಡಿಸಿದವರು ಮೂವರು, ಸಲಹೆ ಕೊಟ್ಟವರು ಒಂಬತ್ತು. ಒಬ್ಬ ಕ್ಲಚ್ ಬಿಡಬೇಕಿತ್ತು ಎಂದ, ಒಬ್ಬ ಹಿಡಿಯಬೇಕಿತ್ತು ಎಂದ. ತನ್ನ ಬೈಕನ್ನು ಮನೆಯಂಗಳದಿಂದ ಹೊರಗೆ ತೆಗೆಯಲು ಮಗನನ್ನು ಕರೆಯುವ ಇನ್ನೊಬ್ಬ, "ಮುಖ್ಯ ಎಂತ ಅಂದ್ರೆ ಹೆದರಬಾರ್ದು" ಎಂದ.

ಸಂಜೆ ದುರ್ಗಿ ಬೈಕಿನ ಮೇಲೆ ಬಾವಿಯ ನೀರು ಸುರಿಯುತ್ತ ಹೇಳಿದಳು, "ಉಪ್ಪು ನೀರು ಕುಡ್ದ ಇಂಜಿನ್ ಎಂತ ಆಗ್ತದೆ ಅಂತ ನಾ ನಿಮ್ಗೆ ಹೇಳ್ಕೊಡೂದಾ? ಸುಮ್ನೆ ಹೊನ್ನಾವರಕ್ಕೆ ಹೋಗಿ ಸ್ಕೂಲಲ್ಲಿ ಕಲೀರಿ."

"ಈ ವಯಸ್ಸಲ್ಲಿ ಸ್ಕೂಲಿಗಾ?"

"ಆಗ ಹೋಗಿದ್ರೆ ಈಗ ಹೋಗೂದು ಬೇಡಿತ್ತು."

ಹೊನ್ನಾವರದಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುವವನು ಮಧುಸೂದನ ಹೆಗಡೆ. ತೋಟದ ಮನೆಯವನು, ಮೆತ್ತಗೆ ಮಾತಾಡುವವನು, ಇಪ್ಪತ್ತು ವರ್ಷದಲ್ಲಿ ಒಬ್ಬ ಶಿಷ್ಯನ ಮೇಲೂ ದನಿ ಏರಿಸಿದವನಲ್ಲ. ಆ ದಾಖಲೆ ಬೊಮ್ಮಯ್ಯ ಬಂದ ಮೂರನೇ ದಿನ ಮುರಿಯಿತು.

ಮೊದಲು ಎಲ್‌ಎಲ್‌ಆರ್‌ಗಾಗಿ ಕಂಪ್ಯೂಟರಿನ ಮುಂದೆ ಕೂತು ಪ್ರಶ್ನೆಗಳಿಗೆ ಉತ್ತರ ಒತ್ತಬೇಕಿತ್ತು. ಬೊಮ್ಮಯ್ಯ ಅದನ್ನು ಹೇಗೋ ದಾಟಿದ. ರಾತ್ರಿ ಎದುರಿನಿಂದ ವಾಹನ ಬಂದರೆ ದೀಪ ತಗ್ಗಿಸಬೇಕು ಎಂಬ ಉತ್ತರವನ್ನು ಮಾತ್ರ ಒಪ್ಪಲಿಲ್ಲ. "ಸಮುದ್ರದಲ್ಲಿ ದೀಪ ತಗ್ಸಿದವ ಮನೆಗೆ ಬರೂದಿಲ್ಲ ಹೆಗಡೇರೆ" ಎಂದು ಹೊರಗೆ ಬಂದು ವಾದಿಸಿದ. ಆ ಒಂದು ಅಂಕ ಹೋಯಿತು.

ಮೈದಾನದ ಪಾಠ ಬೇರೆಯೇ. ಹೆಗಡೆ "ಎಡಕ್ಕೆ" ಎಂದರೆ ಬೊಮ್ಮಯ್ಯ ತಲೆಯಾಡಿಸಿ ಬಲಕ್ಕೆ ಹೋಗುತ್ತಿದ್ದ. "ಬಲಕ್ಕೆ" ಎಂದರೆ ಎಡಕ್ಕೆ. ಬ್ರೇಕ್ ಎಲ್ಲಿದೆ ಎಂಬುದನ್ನು ಒಂದು ವಾರದಲ್ಲಿ ಕಲಿತ, ಗೇರನ್ನೂ ಕಲಿತ. ದಿಕ್ಕು ಮಾತ್ರ ಹತ್ತಲಿಲ್ಲ. ಒಂದು ಮಧ್ಯಾಹ್ನ ಹೆಗಡೆ ಮರದ ಮರೆಯಲ್ಲಿ ನಿಂತು ಮನೆಗೆ ಫೋನ್ ಮಾಡಿದ.

"ಊಟಕ್ಕೆ ತಡ ಆಗ್ತು. ಇಲ್ಲೊಬ್ಬ ಇದ್ದ, ಎಡ ಅಂದ್ರೆ ಬಲಕ್ಕೆ ಬತ್ತ, ನಾ ನಿಂತ ಕಡಿಗೇ ಬತ್ತ. ಬತ್ತೆ, ಜೀವ ಇದ್ರೆ ಬತ್ತೆ."

ಫೋನಿನಲ್ಲಿ ಹೆಂಡತಿ ಏನು ಹೇಳಿದಳೋ, ಹೆಗಡೆ ತಿರುಗಿ ಬಂದವನೇ ಪಾಠದ ಕ್ರಮ ಬದಲಿಸಿದ. ಬೊಮ್ಮಯ್ಯ ಎಡಕ್ಕೆ ಹೋಗಬೇಕಿದ್ದಾಗ "ಬಲಕ್ಕೆ!" ಎಂದು ಕೂಗಿದ. ಬೈಕ್ ಎಡಕ್ಕೆ ತಿರುಗಿತು. "ಎಡಕ್ಕೆ!" ಎಂದ. ಬಲಕ್ಕೆ ತಿರುಗಿತು. ಮೈದಾನದಲ್ಲಿ ಬಳಿದಿದ್ದ ಎಂಟರ ಗುರುತಿನ ಮೇಲೆ ಬೊಮ್ಮಯ್ಯ ಒಂದು ಕಂಬವನ್ನೂ ಮುಟ್ಟದೆ ಸುತ್ತು ಹಾಕಿ ಬಂದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕರು.

"ನೀವು ಮೊದ್ಲೇ ಸರಿಯಾಗಿ ಹೇಳ್ಬೇಕಿತ್ತು ಹೆಗಡೇರೆ," ಎಂದ ಬೊಮ್ಮಯ್ಯ.

ಈ ಪದ್ಧತಿಯಲ್ಲಿ ಎರಡು ತೊಂದರೆಗಳಿದ್ದವು. ಅದೇ ಹೊತ್ತಿಗೆ ಅದೇ ಮೈದಾನದಲ್ಲಿ ಅರ್ಚನಾ ಎಂಬ ಹುಡುಗಿ ಸ್ಕೂಟರ್ ಕಲಿಯುತ್ತಿದ್ದಳು. ಕುಮಟಾದ ಹತ್ತಿರ ಹೊಳನಗದ್ದೆಯವಳು, ಹೊನ್ನಾವರದ ಬ್ಯಾಂಕಿನಲ್ಲಿ ಕೆಲಸ. ಹೇಳಿದ ಹಾಗೆ ಕೇಳುವ ಶಿಷ್ಯೆ. ಬೊಮ್ಮಯ್ಯನಿಗೆಂದು ಹೆಗಡೆ ಕೂಗಿದ "ಬಲಕ್ಕೆ!" ಕೇಳಿ ಅವಳು ನಿಜವಾಗಿಯೂ ಬಲಕ್ಕೆ ತಿರುಗಿ ಚರಂಡಿಗೆ ಇಳಿದಳು. ಕೆಸರು ಒರೆಸಿಕೊಳ್ಳುತ್ತ, "ಸರ್, ಇನ್ಮೇಲೆ ಮೊದ್ಲು ಹೆಸ್ರು ಕರೀರಿ, ಆಮೇಲೆ ದಿಕ್ಕು ಹೇಳಿ" ಎಂದಳು.

ಎರಡನೆಯ ತೊಂದರೆ ದೊಡ್ಡದು. ಟೆಸ್ಟಿನ ದಿನ ಹೆಗಡೆ ಕೂಗುವಂತಿಲ್ಲ. ಅಂದು ಎಂಟರ ಒಳಗೆ ಬೈಕಿನ ಮೇಲೆ ಬೊಮ್ಮಯ್ಯ ಒಬ್ಬನೇ. ಹಾಗೆಂದು ಹೆಗಡೆ ಕೊನೆಯ ವಾರ ಬಾಯಿ ಮುಚ್ಚಿಕೊಂಡು ನಿಂತು ಅಭ್ಯಾಸ ಮಾಡಿಸಿದ. ಏಳು ದಿನದಲ್ಲಿ ಬೊಮ್ಮಯ್ಯ ಬೀಳಿಸದ ಕಂಬ ಉಳಿಯಲಿಲ್ಲ. ಟೆಸ್ಟ್ ಇದ್ದದ್ದು ಜುಲೈ ಇಪ್ಪತ್ತೊಂಬತ್ತಕ್ಕೆ. ಅದು ತಪ್ಪಿದರೆ ಮತ್ತೆ ಕರೆಯುವುದು ಆಗಸ್ಟ್ ಎರಡನೇ ವಾರ. ಆ ಹೊತ್ತಿಗೆ ಇಂಜಿನ್ನಿನ ಹಿಡಿಕೆ ರಾಮನ ಕೈಯ ಬೆವರು ಕುಡಿದು ಅವನದೇ ಆಗಿಬಿಟ್ಟಿರುತ್ತದೆ.

"ಲೈಸೆನ್ಸ್ ಇಲ್ದೇ ಹೋಗೂಕಾಗೂದಿಲ್ವಾ?" ಟೆಸ್ಟಿನ ಹಿಂದಿನ ಸಂಜೆ ದುರ್ಗಿ ಕೇಳಿದಳು.

"ಹೋಗೂಕೆ ಆಗ್ತದೆ. ಹೈವೇಲಿ ಪೊಲೀಸ್ರು ಹಿಡಿದ್ರೆ ಐದು ಗಂಟೆಗೆ ನಾ ಬಂದರಲ್ಲಿ ಇರೂದಿಲ್ಲ, ಸ್ಟೇಷನ್ನಲ್ಲಿ ಇರ್ತೆ. ನಿನ್ ತಮ್ಮ ಮತ್ತೊಂದು ಚಿಪ್ಪು ಬಾಳೆಹಣ್ಣು ತರ್ತ."

ಟೆಸ್ಟಿನ ದಿನ ಜಡಿಮಳೆ ನಿಂತು ತುಂತುರು ಹಿಡಿದಿತ್ತು. ಅರ್ಚನಾ ಮೊದಲೇ ಹೋಗಿ, ಎಂಟು ಹಾಕಿ, ಪಾಸಾಗಿ, ಕೆಂಪು ಕೊಡೆ ಬಿಚ್ಚಿಕೊಂಡು ಮೈದಾನದ ಅಂಚಿನಲ್ಲಿ ನಿಂತಿದ್ದಳು. ಅಧಿಕಾರಿ ಹಲಗೆಗೆ ಸಿಕ್ಕಿಸಿದ ಕಾಗದ ನೋಡಿ, "ಬೊಮ್ಮಯ್ಯ ಹರಿಕಂತ್ರ" ಎಂದು ಕರೆದ. ಹೆಗಡೆ ದೂರದ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡ.

ಬೊಮ್ಮಯ್ಯ ಬೈಕ್ ಶುರು ಮಾಡಿ ಎಂಟರ ಬಾಯಿಗೆ ಬಂದು ನಿಂತ. ಎದುರಿಗೆ ನೀರು ನಿಂತ ನೆಲ, ಅದರಲ್ಲಿ ಮುಳುಗಿ ಏಳುವ ಬಿಳಿ ಗೆರೆ. ನೋಡುತ್ತ ನೋಡುತ್ತ ಅವನಿಗೆ ಅದು ಬೇರೆ ಏನೂ ಅಲ್ಲ, ಶರಾವತಿಯ ಅಳಿವೆ ಎನ್ನಿಸಿತು. ಹೊಳೆ ಸಮುದ್ರಕ್ಕೆ ಸೇರುವ ಆ ಬಾಯಲ್ಲಿ ಎಲ್ಲಿ ಮರಳ ದಿಬ್ಬ, ಎಲ್ಲಿ ಆಳ ಎಂದು ನೀರು ನೋಡಿದರೆ ತಿಳಿಯುವುದಿಲ್ಲ. ನೀರು ನೋಡಿದವನು, ದೋಣಿಯ ಮೂತಿ ನೋಡಿದವನು, ತನ್ನ ಕೈ ನೋಡಿಕೊಂಡವನು ದಿಬ್ಬ ಹತ್ತಿ ಕೂರುತ್ತಾನೆ. ತಾಂಡೇಲ ದೂರದ ದಡದ ಮೇಲೆ ಒಂದು ಗುರುತು ಹಿಡಿಯುತ್ತಾನೆ. ಒಂದು ಗುಡ್ಡದ ತುದಿ, ಒಂದು ಒಂಟಿ ತೆಂಗು. ಕಣ್ಣು ಅದರ ಮೇಲಿಟ್ಟರೆ ಕೈ ತನ್ನ ಕೆಲಸ ತಾನು ಮಾಡುತ್ತದೆ. ಇಷ್ಟು ದಿನ ಬೊಮ್ಮಯ್ಯ ಎರಡು ಕಣ್ಣೂ ಬಿಟ್ಟು ನೋಡುತ್ತಿದ್ದದ್ದು ಹ್ಯಾಂಡಲನ್ನು.

ಅವನು ತಲೆಯೆತ್ತಿ ಗುರುತು ಹುಡುಕಿದ. ಮೊದಲ ಸುತ್ತಿಗೆ ಮೊಬೈಲ್ ಟವರ್ ಸಿಕ್ಕಿತು, ತಿರುಗಿ ಬರುವುದಕ್ಕೆ ನೀರಿನ ಟ್ಯಾಂಕು. ಎರಡನೇ ಸುತ್ತಿಗೆ ಗುಡ್ಡವೂ ಇಲ್ಲ, ಮರವೂ ಇಲ್ಲ. ಕೆಂಪು ಕೊಡೆಯೊಂದು ಕಂಡಿತು. ಒಳ್ಳೆ ಗುರುತು, ಮಳೆಯಲ್ಲೂ ಕಾಣುತ್ತದೆ ಎಂದುಕೊಂಡು ಕ್ಲಚ್ ಬಿಟ್ಟ.

ಟವರ್ ನೋಡಿಕೊಂಡು ಮೊದಲ ಸುತ್ತು ಮುಗಿಯಿತು. ಕಂಬಗಳು ಒಂದೊಂದೇ ಪಕ್ಕದಲ್ಲಿ ಹಾದುಹೋದವು. ಕೈ ಎತ್ತ ತಿರುಗುತ್ತಿದೆ ಎಂದು ಬೊಮ್ಮಯ್ಯ ಕೇಳಲೂ ಇಲ್ಲ, ಕೈ ಹೇಳಲೂ ಇಲ್ಲ. ಗೋಡೆಯ ಹತ್ತಿರ ಹೆಗಡೆ ಒಂದು ಕಣ್ಣು ತೆರೆದ. ಟ್ಯಾಂಕು ನೋಡಿಕೊಂಡು ನಡುವಿನ ಕತ್ತರಿಯೂ ದಾಟಿತು. ಇನ್ನು ಕೊಡೆ. ಬೊಮ್ಮಯ್ಯ ಕಣ್ಣನ್ನು ಕೊಡೆಗೆ ಅಂಟಿಸಿದ.

ಆಗ ಕೊಡೆ ನಡೆಯತೊಡಗಿತು.

ಅರ್ಚನಾಳಿಗೆ ಚಹಾ ಬೇಕೆನಿಸಿತ್ತು. ರಸ್ತೆಯಾಚೆಯ ಅಂಗಡಿಯ ಕಡೆ ಅವಳು ಹೊರಟಳು, ಬೊಮ್ಮಯ್ಯನ ಬೈಕೂ ಹೊರಟಿತು. ಎಂಟರ ಎರಡನೇ ಸುತ್ತು ಕುಂಬಳಕಾಯಿಯಂತೆ ಊದತೊಡಗಿತು. ಹೊರಗಿನ ಕಂಬ ಒಂದು ಗೇಣು ದೂರದಲ್ಲಿ ಬಂತು. ಹೆಗಡೆ ಎರಡೂ ಕಣ್ಣು ತೆರೆದು, ಇಪ್ಪತ್ತು ವರ್ಷದ ಮೆತ್ತಗಿನ ದನಿಯನ್ನೆಲ್ಲ ಒಟ್ಟು ಸೇರಿಸಿ ಕೂಗಿದ:

"ಅರ್ಚನಾ! ನಿಲ್ಲೇ ಮಾರಾಯ್ತಿ!"

ಹೆಸರು ಮೊದಲು ಕರೆದದ್ದರಿಂದ ಅರ್ಚನಾ ಗಕ್ಕನೆ ನಿಂತಳು. ಕೊಡೆ ನಿಂತಿತು. ಬೈಕು ಕಂಬದ ಬಣ್ಣಕ್ಕೆ ಗಾಳಿ ತಾಗಿಸಿಕೊಂಡು ಒಳಗೆ ತಿರುಗಿ, ಗೆರೆಗೆ ಬಂದು, ಬ್ರೇಕ್ ಹಾಕಿಕೊಂಡೇ ನಿಂತಿತು.

ಅಧಿಕಾರಿ ಹೆಗಡೆಯ ಕಡೆ ತಿರುಗಿದ. "ಏನ್ರೀ ಅದು ಕೂಗಿದ್ದು?"

"ಆ ಹುಡುಗಿಗೆ ಸಾರ್. ರಸ್ತೆ ದಾಟ್ತಿದ್ದಳು. ಲಾರಿ ಬರ್ತಿತ್ತು."

ಅಧಿಕಾರಿ ರಸ್ತೆ ನೋಡಿದ. ಒಂದು ದನ ಬರುತ್ತಿತ್ತು. ಆಮೇಲೆ ಬೊಮ್ಮಯ್ಯನನ್ನು ನೋಡಿದ. "ನಡಿಗೆಗಿಂತ ನಿಧಾನ ಹೋಗ್ತೀರಲ್ಲ?"

"ಅಳಿವೇಲಿ ಜೋರು ಹೋಗೂದಲ್ಲ ಸಾಯೇಬ್ರೆ."

ಅಧಿಕಾರಿಗೆ ಅರ್ಥವಾಗಲಿಲ್ಲ, ಆದರೆ ಇಂಥವನಿಂದ ಲೋಕಕ್ಕೆ ಅಪಾಯವಿಲ್ಲ ಎನ್ನಿಸಿರಬೇಕು. ಕಾಗದದ ಮೇಲೆ ಗುರುತು ಹಾಕಿದ.

ಆಗಸ್ಟ್ ಒಂದರಂದು ಬೊಮ್ಮಯ್ಯ ಎಷ್ಟು ಹೊತ್ತಿಗೆ ಮನೆ ಬಿಟ್ಟ ಎಂಬುದು ದುರ್ಗಿಗೆ ಮಾತ್ರ ಗೊತ್ತು. ಅವಳು ಅದನ್ನು ಭಟ್ಕಳದ ಮೀನು ಪೇಟೆಯಲ್ಲಿ ಎಲ್ಲರಿಗೂ ಹೇಳಿದ್ದರಿಂದ ಈಗ ಮುಚ್ಚಿಡುವಂಥದ್ದೇನಿಲ್ಲ: ಮೂರೂಕಾಲಿಗೆ. ಹತ್ತು ಹನ್ನೊಂದು ಕಿಲೋಮೀಟರು ದಾರಿ, ಎರಡನೇ ಗೇರು. ಪೆಟ್ರೋಲ್ ಪಂಪಿನ ದೀಪದಿಂದ ಅಂಗಡಿಯ ದೀಪಕ್ಕೆ, ಅಲ್ಲಿಂದ ತಿರುವಿನ ದೀಪಕ್ಕೆ ಗುರುತು ಹಿಡಿಯುತ್ತ ಬಂದ. ಹಿಂದೆ ಹಾಲಿನ ವ್ಯಾನೊಂದು ಬಹಳ ಹೊತ್ತು ಹಾರ್ನ್ ಹಾಕಿ, ಕೊನೆಗೆ ಬೈದು ಮುಂದೆ ಹೋಯಿತು. ಎದುರು ಬಂದ ಲಾರಿಗಳಿಗೆ ಬೊಮ್ಮಯ್ಯ ದೀಪ ತಗ್ಗಿಸಲಿಲ್ಲ.

ಬಂದರಿನಲ್ಲಿ ದೋಣಿ ನೀರಿಗಿಳಿದಿತ್ತು. ಆಳುಗಳು ಐಸು ತುಂಬಿ ಮುಗಿಸಿದ್ದರು. ಹಿಂದಿನ ಹಲಗೆಯ ಮೇಲೆ, ಹೊಸ ರೇನ್‌ಕೋಟು ಹಾಕಿಕೊಂಡು, ಇಂಜಿನ್ನಿನ ಹಿಡಿಕೆಗೆ ಎಣ್ಣೆ ಬಟ್ಟೆ ಸವರುತ್ತ ರಾಮ ಕೂತಿದ್ದ. ಬೈಕಿನ ಸದ್ದಿಗೆ ತಲೆಯೆತ್ತಿದವನು ಬೊಮ್ಮಯ್ಯನ ಹಿಂದೆ ಯಾರಿದ್ದಾರೆಂದು ಇಣುಕಿ ನೋಡಿದ. ಯಾರೂ ಇರಲಿಲ್ಲ. ಮುಂದೆ ಯಾರಿದ್ದಾರೆಂದು ಮತ್ತೊಮ್ಮೆ ನೋಡಿದ.

"ಒಬ್ರೇ ಬಂದ್ರಾ ಭಾವ?"

"ಮತ್ತೆ? ನಿನ್ನ ಅಕ್ಕನ್ನ ಕೂರಿಸ್ಕಂಡು ಬರೂದಾ?"

"ಎಷ್ಟೊತ್ತಿಗೆ ಹೊರಟ್ರಿ?"

"ಹೊರಟ ಹೊತ್ತು ನಿಂಗೆಂತಕೆ? ಬಂದ ಹೊತ್ತು ನೋಡು."

ರಾಮ ಮೊಬೈಲು ತೆಗೆದು ನೋಡಿದ. ಐದಕ್ಕೆ ಇನ್ನೂ ಏಳು ನಿಮಿಷವಿತ್ತು. ಅದು ತಪ್ಪು ತೋರಿಸುತ್ತಿರಬಹುದೆಂದು ಪಕ್ಕದವನ ಮೊಬೈಲೂ ನೋಡಿದ. ಆಮೇಲೆ ಎಣ್ಣೆ ಬಟ್ಟೆಯನ್ನು ಮಡಚಿ ಕಿಸೆಗಿಟ್ಟುಕೊಂಡು ಮುಂದಕ್ಕೆ ಹೋಗಿ ಬಲೆಯ ಹತ್ತಿರ ಕೂತ. ಬೊಮ್ಮಯ್ಯ ಹಿಂದಿನ ಹಲಗೆಯ ಮೇಲೆ ಕೂತು ಹಗ್ಗ ಎಳೆದ. ಇಂಜಿನ್ ಮೊದಲ ಎಳೆತಕ್ಕೇ ಹತ್ತಿಕೊಂಡಿತು.

ದೋಣಿ ಅಳಿವೆ ದಾಟಿ ಸಮುದ್ರಕ್ಕೆ ಬಿದ್ದು, ಪೂರ್ವಕ್ಕೆ ಬೆಳಕು ಹರಿದು, ಮೊದಲ ಬಲೆ ಬಿಡುವ ಹೊತ್ತಾದರೂ ಬೊಮ್ಮಯ್ಯ ತಲೆಯ ಮೇಲಿನ ಹೆಲ್ಮೆಟ್ ತೆಗೆದಿರಲಿಲ್ಲ. ಅದನ್ನು ಹೇಳುವ ಧೈರ್ಯ ಆ ದೋಣಿಯಲ್ಲಿ ಯಾರಿಗೂ ಇರಲಿಲ್ಲ.